ಮೀನುಗಳು ಬೆಳಗಿನ ಜಾವವೇ ಏಕೆ ಸಾಯುತ್ತವೆ?

ಎಲ್ಲರಿಗೂ ನಮಸ್ಕಾರ. ಪರಿಸರ ವಿಜ್ಞಾನದ ಮೊದಲ ಪಾಠಗಳನ್ನು ಮಕ್ಕಳಿಗೆ ತಿಳಿಸಿಕೊಡಿ ಎಂದು ನಿಮ್ಮ ಮುಖ್ಯೋಪಾಧ್ಯಾಯರು ನನ್ನನ್ನು ಕರೆದಿದ್ದಾರೆ. ಪರಿಸರ ವ್ಯವಸ್ಥೆ, ಆಹಾರ ಸರಪಳಿ, ಪೋಷಕಾಂಶಗಳ ಚಕ್ರ, ಈ ಪದಗಳು ನಿಮ್ಮ ಪುಸ್ತಕದಲ್ಲಿಯೇ ಇವೆ. ಅವುಗಳ ವ್ಯಾಖ್ಯೆಯನ್ನು ಮತ್ತೆ ಓದಿ ಹೇಳಲು ನಾನು ಬಂದಿಲ್ಲ. ಒಂದು ಪ್ರಶ್ನೆ ತಂದಿದ್ದೇನೆ. ಅದನ್ನು ಬಿಡಿಸುತ್ತ ಹೋದರೆ ಆ ಪದಗಳು ದಾರಿಯಲ್ಲಿ ತಾವಾಗಿಯೇ ಸಿಗುತ್ತವೆ.

ನಾನು ಏಳನೆಯ ತರಗತಿಯಲ್ಲಿದ್ದ ವರ್ಷ ನಡೆದದ್ದು ಇದು. ಬೇಸಿಗೆ ಮುಗಿಯುತ್ತ ಬಂದಿತ್ತು. ಎರಡು ದಿನ ಮೋಡ ಕವಿದುಕೊಂಡು ಬಿಸಿಲೇ ಕಾಣಲಿಲ್ಲ, ಎಲೆಯೂ ಅಲುಗದಂಥ ಸೆಕೆ. ಮೂರನೆಯ ದಿನ ನಸುಕಿನಲ್ಲಿ ದನ ಹೊಡೆದುಕೊಂಡು ಹೋದವರು ಕೂಗುತ್ತ ಊರಿಗೆ ಓಡಿ ಬಂದರು. ನಾವೆಲ್ಲ ಕೆರೆ ಏರಿಯ ಮೇಲೆ ಹೋಗಿ ನಿಂತೆವು. ತೂಬಿನ ಸುತ್ತಲಿನ ನೀರು ಬೆಳ್ಳಗೆ ಕಾಣುತ್ತಿತ್ತು. ಹತ್ತಿರ ಇಳಿದು ನೋಡಿದರೆ ಅವು ಮೀನಿನ ಹೊಟ್ಟೆಗಳು. ಕಾಟ್ಲಾ, ರೋಹು, ಗೆಂಡೆ, ಎಲ್ಲವೂ ಮಗುಚಿ ತೇಲುತ್ತಿದ್ದವು. ಜೀವ ಉಳಿದಿದ್ದ ಕೆಲವು ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತ ಮುಚ್ಚುತ್ತ ಇದ್ದವು. ಆ ಬಾಯಿಗಳನ್ನು ನಾನು ಇವತ್ತಿಗೂ ಮರೆತಿಲ್ಲ.

ಯಾರೋ ವಿಷ ಹಾಕಿದ್ದಾರೆ ಎಂಬ ಮಾತು ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಹಬ್ಬಿತು. ಮೀನಿನ ಹರಾಜು ಹಿಡಿದವರಿಗೂ ಹರಾಜಿನಲ್ಲಿ ಸೋತವರಿಗೂ ಜಗಳ ಹತ್ತಿಕೊಂಡಿತು. ಆ ಗದ್ದಲದಲ್ಲಿ ನಮ್ಮ ಕೆರೆಯ ನೀರುಗಂಟಿ ತಾತ ಒಂದೇ ಮಾತು ಕೇಳಿದರು: ‘ವಿಷವಾಗಿದ್ದರೆ ಕೊರಮೀನು ಹೇಗಪ್ಪಾ ಬದುಕಿಕೊಂಡವು?’

ಹೌದು, ಕೊರಮೀನುಗಳು ಸತ್ತಿರಲಿಲ್ಲ. ಜೊಂಡಿನ ಬುಡದಲ್ಲಿ ಆರಾಮವಾಗಿ ಓಡಾಡಿಕೊಂಡಿದ್ದವು. ವಿಷಕ್ಕೆ ಇದು ಯಾವ ಜಾತಿಯ ಮೀನು ಎಂದು ತಿಳಿಯುವುದಿಲ್ಲ, ಸಾಮಾನ್ಯವಾಗಿ ಎಲ್ಲ ಬಗೆಯ ಮೀನನ್ನೂ ಕೊಲ್ಲುತ್ತದೆ. ಹಾಗಾದರೆ ಕೊರಮೀನಿಗೆ ಇದ್ದು ಕಾಟ್ಲಾಕ್ಕೆ ಇಲ್ಲದ್ದು ಏನು? ಕೊರಮೀನು ಆಗಾಗ ಮೇಲೆ ಬಂದು ನಮ್ಮ ಹಾಗೆ ಗಾಳಿಯನ್ನೇ ನುಂಗಿ ಉಸಿರಾಡಬಲ್ಲದು. ಕಾಟ್ಲಾ, ರೋಹುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ನಂಬಿವೆ. ಆ ರಾತ್ರಿ ಕೆರೆಯಲ್ಲಿ ಮುಗಿದುಹೋದದ್ದು ಆಮ್ಲಜನಕ. ತಾತನ ಪ್ರಶ್ನೆ ಎಂಥ ಒಳ್ಳೆಯ ವಿಜ್ಞಾನ ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

ಒಂದು ಲೆಕ್ಕ ನೋಡಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಗಾಳಿಯಿಂದ ಕರಗಿಸಿಕೊಳ್ಳುವುದು ಹೆಚ್ಚೆಂದರೆ ಎಂಟು ಮಿಲಿಗ್ರಾಂನಷ್ಟು. ನೀರು ಬಿಸಿಯಾದಷ್ಟೂ ಇದು ಇನ್ನೂ ಕಡಿಮೆಯಾಗುತ್ತದೆ. ಮೀನು ಸಾಕುವ ನೀರಿನಲ್ಲಿ ಕನಿಷ್ಠ ನಾಲ್ಕು ಮಿಲಿಗ್ರಾಂ ಇರಬೇಕು ಎನ್ನುವುದು ನಮ್ಮ ದೇಶದ ಮಾನದಂಡ. ಅಂದರೆ ಮೀನು ಯಾವಾಗಲೂ ಅಂಚಿನಲ್ಲಿಯೇ ಬದುಕುತ್ತದೆ.

ಇನ್ನು, ಬೆಳಗಿನ ಜಾವವೇ ಏಕೆ? ಗಿಡಗಳು ಆಮ್ಲಜನಕ ಕೊಡುತ್ತವೆ ಎಂದು ನಾವು ಚಿಕ್ಕಂದಿನಿಂದ ಕಲಿಯುತ್ತೇವೆ. ಅದು ಅರ್ಧ ಮಾತು. ಬಿಸಿಲು ಇರುವಾಗ ಅವು ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕ ಬಿಡುತ್ತವೆ, ನಿಜ. ಆದರೆ ಹಗಲೂ ರಾತ್ರಿಯೂ ಉಸಿರಾಡುತ್ತವೆ. ಉಸಿರಾಟಕ್ಕೆ ರಜೆ ಇಲ್ಲ. ನಮ್ಮ ಕೆರೆಯ ನೀರು ಆ ವರ್ಷ ಪಾಚಿಯಿಂದ ಹಸಿರುಗಟ್ಟಿತ್ತು. ಸಂಜೆ ಸೂರ್ಯ ಮುಳುಗಿದ ಮೇಲೆ ಆ ಅಷ್ಟೂ ಪಾಚಿ, ಅದರ ಜೊತೆಗೆ ತಳದಲ್ಲಿ ಕೊಳೆಯುವುದನ್ನು ತಿನ್ನುವ ಬ್ಯಾಕ್ಟೀರಿಯಾ, ಎಲ್ಲವೂ ಸೇರಿ ನೀರಿನ ಆಮ್ಲಜನಕವನ್ನು ಖರ್ಚು ಮಾಡುತ್ತಲೇ ಇದ್ದವು. ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ಉಳಿತಾಯ ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಅದರ ಮೇಲೆ ಎರಡು ದಿನ ಮೋಡ. ಹಗಲಿನ ಗಳಿಕೆ ಇಲ್ಲ, ರಾತ್ರಿಯ ಖರ್ಚು ಮಾತ್ರ ತಪ್ಪಲಿಲ್ಲ. ನೀರನ್ನು ಕಲಕಲು ಗಾಳಿಯೂ ಬೀಸಲಿಲ್ಲ.

1935ರಲ್ಲಿ ಇಂಗ್ಲೆಂಡಿನ ಆರ್ಥರ್ ಟ್ಯಾನ್ಸ್ಲಿ ಎಂಬ ಸಸ್ಯವಿಜ್ಞಾನಿ ಪರಿಸರ ವ್ಯವಸ್ಥೆ ಎಂಬ ಕಲ್ಪನೆಗೆ ಹೆಸರಿಟ್ಟರು. ಜೀವಿಗಳನ್ನು ಮಾತ್ರ ನೋಡಿದರೆ ಸಾಲದು, ಬಿಸಿಲು, ನೀರು, ಮಣ್ಣು, ಗಾಳಿಯೂ ಅದೇ ವ್ಯವಸ್ಥೆಯ ಭಾಗ ಎಂದರು. ಮೇಲೆ ಕವಿದ ಮೋಡ ಕೆಳಗಿನ ಮೀನನ್ನು ಕೊಂದದ್ದನ್ನು ಕಂಡವರಿಗೆ ಆ ಮಾತನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಆದರೆ ಮೋಡ ಪ್ರತಿ ವರ್ಷವೂ ಕವಿಯುತ್ತದೆ. ಮೀನು ಪ್ರತಿ ವರ್ಷ ಸಾಯುವುದಿಲ್ಲ. ಅಷ್ಟೊಂದು ಪಾಚಿ ಎಲ್ಲಿಂದ ಬಂತು ಎನ್ನುವುದೇ ಮುಖ್ಯ ಪ್ರಶ್ನೆ.

ಇದಕ್ಕೆ ಉತ್ತರವನ್ನು ಕಣ್ಣಿಗೆ ಕಾಣುವಂತೆ ಕೊಟ್ಟವರು ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಂಗಡಿಗರು. ಅಲ್ಲಿನ ಒಂಟಾರಿಯೊ ಪ್ರಾಂತ್ಯದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಿವೆ. ಅವುಗಳಿಗೆ ಹೆಸರಿಗಿಂತ ಹೆಚ್ಚಾಗಿ ಸಂಖ್ಯೆಗಳೇ ಗುರುತು. 226ನೆಯ ಸರೋವರ ನಡುವಿನಲ್ಲಿ ಸೊಂಟದಂತೆ ಕಿರಿದಾಗಿದೆ. 1973ರಲ್ಲಿ ಅವರು ಆ ಸೊಂಟಕ್ಕೆ ಅಡ್ಡಲಾಗಿ ದಪ್ಪ ಪ್ಲಾಸ್ಟಿಕ್ ಪರದೆಯೊಂದನ್ನು ಇಳಿಬಿಟ್ಟರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನು ಹಾಕಿದರು. ಇನ್ನೊಂದು ಭಾಗಕ್ಕೆ ಅವೆರಡರ ಜೊತೆಗೆ ರಂಜಕವನ್ನೂ (ಫಾಸ್ಫರಸ್) ಸೇರಿಸಿದರು. ಮೊದಲನೆಯ ಭಾಗ ಹಾಗೆಯೇ ತಿಳಿಯಾಗಿ ಉಳಿಯಿತು. ರಂಜಕ ಬಿದ್ದ ಭಾಗ ಪಾಚಿಯಿಂದ ಹಸಿರಾಯಿತು. ವಿಮಾನದಿಂದ ತೆಗೆದ ಆ ಚಿತ್ರ ಪ್ರಪಂಚಕ್ಕೆಲ್ಲ ಗೊತ್ತಾಯಿತು: ಒಂದೇ ಸರೋವರ, ನಡುವೆ ಒಂದು ಪರದೆ, ಎರಡು ಬಣ್ಣ. ಬಟ್ಟೆ ಒಗೆಯುವ ಪುಡಿಯಲ್ಲಿ ರಂಜಕ ಬೇಡ ಎಂಬ ವಾದಕ್ಕೆ ಬಲ ಬಂದದ್ದು ಇಂಥ ಪ್ರಯೋಗಗಳಿಂದ.

ರಂಜಕ ವಿಷವಲ್ಲ, ಮಕ್ಕಳೇ. ನಿಮ್ಮ ಮೂಳೆಯಲ್ಲಿ, ಹಲ್ಲಿನಲ್ಲಿ ಅದಿದೆ. ನಿಮ್ಮ ಅಪ್ಪ ಹೊಲಕ್ಕೆ ಹಾಕುವ ಡಿಎಪಿ ಗೊಬ್ಬರದಲ್ಲಿ ಇರುವುದೂ ಅದೇ. ಒಬ್ಬ ಮನುಷ್ಯನ ದೇಹದಿಂದ ದಿನಕ್ಕೆ ಒಂದರಿಂದ ಎರಡು ಗ್ರಾಂ ರಂಜಕ ಹೊರಗೆ ಹೋಗುತ್ತದೆ. ಒಂದು ಗ್ರಾಂ ರಂಜಕ ನೀರಿಗೆ ಸೇರಿದರೆ ಒಣಗಿಸಿ ತೂಗಿದಾಗ ನೂರು ಗ್ರಾಂ ಬರುವಷ್ಟು ಪಾಚಿಯನ್ನು ಬೆಳೆಸಬಲ್ಲದು. ಈಗ ಒಂದು ಊರಿನ, ಒಂದು ನಗರದ ಚರಂಡಿಯೆಲ್ಲ ಒಂದು ಕೆರೆಗೆ ಹರಿಯುವುದನ್ನು ಊಹಿಸಿಕೊಳ್ಳಿ.

ಊಹಿಸಬೇಕಾಗಿಯೂ ಇಲ್ಲ, ಬೆಂಗಳೂರಿನ ಬೆಳ್ಳಂದೂರು ಕೆರೆ ಇದೆ. ಸುಮಾರು 900 ಎಕರೆಯ ಕೆರೆ ಅದು. ರಾಜಕಾಲುವೆಗಳ ಮೂಲಕ ಅಲ್ಲಿಗೆ ಮಳೆ ನೀರು ಬರಬೇಕಿತ್ತು. ದಶಕಗಳ ಕಾಲ ಬಂದದ್ದು ನಗರದ ಕೊಳಚೆ. ನೀರಿನ ಮೇಲೆ ಅಂತರಗಂಗೆ ಚಾಪೆಯಂತೆ ಹಬ್ಬಿತು. ತಳದಲ್ಲಿ ಆಮ್ಲಜನಕ ಮುಗಿದ ಮೇಲೆ ಬೇರೆ ಬಗೆಯ ಸೂಕ್ಷ್ಮಜೀವಿಗಳು ಕೆಲಸ ಹಿಡಿದು ಬೆಂಕಿ ಹತ್ತಬಲ್ಲ ಮೀಥೇನ್ ಅನಿಲ ಉಂಟುಮಾಡುತ್ತವೆ. ಕೋಡಿಯಲ್ಲಿ ಧುಮುಕುವ ನೀರು ಮಾರ್ಜಕದಿಂದ ನೊರೆಗಟ್ಟಿ, ಆ ನೊರೆ ಗಾಳಿಗೆ ರಸ್ತೆಯವರೆಗೂ ಹಾರಿ ಬಂತು. 2015ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿಯೂ ಹತ್ತಿತು. 2017ರಲ್ಲಿ, 2018ರಲ್ಲಿ ಮತ್ತೆ ಕೆರೆಯಂಗಳ ಹೊತ್ತಿ ಉರಿಯಿತು. ಕೆರೆ ಉರಿಯುವುದೆಂದರೆ ಏನು ಎಂದು ಆ ದಿನಗಳಲ್ಲಿ ನನ್ನ ಮೊಮ್ಮಗಳು ಕೇಳಿದಳು. ಅವಳಿಗೆ ಉತ್ತರ ಹೇಳುವಾಗ ನನಗೆ ತುಂಬ ನೋವಾಯಿತು.

ಇಲ್ಲಿ ನಮ್ಮ ಹಿರಿಯರ ಒಂದು ಕೆಲಸವನ್ನು ನೆನೆಯಲೇಬೇಕು. ಮಳೆ ಬಂದಾಗ ಹೊಲದ ಮೇಲ್ಮಣ್ಣು, ಅದರೊಳಗಿನ ರಂಜಕ, ಎಲ್ಲವೂ ಕೊಚ್ಚಿಕೊಂಡು ಬಂದು ಕೆರೆಯ ತಳ ಸೇರುವುದು ಆಗಲೂ ಇತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಎತ್ತಿನಗಾಡಿ ಕಟ್ಟಿ ಆ ಗೋಡನ್ನು ಅಗೆದು ಹೊಲಕ್ಕೆ ಹೊಡೆಯುತ್ತಿದ್ದರು. ನಾನೂ ಗಾಡಿಯ ಹಿಂದೆ ಬುಟ್ಟಿ ಹಿಡಿದು ಹೋಗಿದ್ದೇನೆ. ಕಪ್ಪು ಗೋಡನ್ನು ಮುಷ್ಟಿಯಲ್ಲಿ ಹಿಡಿದರೆ ಬೆಣ್ಣೆಯಂತೆ ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು. ಹೊಲದಿಂದ ಕೆರೆಗೆ, ಕೆರೆಯಿಂದ ಮತ್ತೆ ಹೊಲಕ್ಕೆ. ಕೆರೆಯ ಹೂಳೂ ಹೋಯಿತು, ಹೊಲಕ್ಕೆ ಗೊಬ್ಬರವೂ ಬಂತು. ನಿಮ್ಮ ಪುಸ್ತಕದಲ್ಲಿ ಬಾಣದ ಗುರುತುಗಳಿಂದ ಬರೆದಿರುವ ಪೋಷಕಾಂಶಗಳ ಚಕ್ರದಲ್ಲಿ ಒಂದು ಬಾಣ ಆ ಎತ್ತಿನಗಾಡಿ. ಚೀಲದ ಗೊಬ್ಬರ ಬಂದ ಮೇಲೆ ನಮ್ಮೂರಿನಲ್ಲಿ ಗಾಡಿ ನಿಂತಿತು. ಬರುವ ಬಾಣ ದಪ್ಪವಾಯಿತು, ಹೋಗುವ ಬಾಣವೇ ಇಲ್ಲವಾಯಿತು. ಆ ಬೆಳಗಿನ ಜಾವದ ಮೀನುಗಳು ಸತ್ತದ್ದು ಹೀಗೆ, ಹಲವು ವರ್ಷಗಳ ಕೆಲಸದಿಂದ.

ಆಹಾರ ಸರಪಳಿಯ ಬಗ್ಗೆ ಒಂದೇ ಮಾತು. ಪಾಚಿಯನ್ನು ನೀರುಚಿಗಟ ಎಂಬ ಪುಟ್ಟ ಜೀವಿ, ಅದನ್ನು ಸಣ್ಣ ಮೀನು, ಸಣ್ಣ ಮೀನನ್ನು ಮಿಂಚುಳ್ಳಿ ತಿನ್ನುತ್ತದೆ. ಪ್ರತಿ ಮೆಟ್ಟಿಲಿನಲ್ಲಿ ಶಕ್ತಿಯ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಮುಂದಕ್ಕೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಶಾಖವಾಗಿ ಹೋಗುತ್ತದೆ. ಶಕ್ತಿ ಮರಳಿ ಬರುವುದಿಲ್ಲ, ದಿನವೂ ಬಿಸಿಲೇ ತರಬೇಕು. ರಂಜಕ ಹಾಗಲ್ಲ, ಅದು ಎಲ್ಲಿಗೂ ಮಾಯವಾಗುವುದಿಲ್ಲ. ಈ ಶಕ್ತಿಯ ಹರಿವಿನ ಚಿಂತನೆಗೆ ಅಡಿಪಾಯ ಹಾಕಿದವರು ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್. ಮಿನ್ನೆಸೋಟಾದ ಒಂದು ಪುಟ್ಟ ಕೆರೆಯ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು ಅಳೆದರು. 1942ರಲ್ಲಿ, ಆ ಪ್ರಬಂಧ ಅಚ್ಚಾಗುವ ಕೆಲವು ತಿಂಗಳ ಮೊದಲು, 26ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಾವೂ ಅಳೆಯೋಣ. ಆಮ್ಲಜನಕ ಪರೀಕ್ಷೆಯ ಕಿಟ್ ಮತ್ತು ಥರ್ಮಾಮೀಟರ್ ತಂದಿದ್ದೇನೆ. ಬಿಳಿ ಬಣ್ಣ ಬಳಿದ ಒಂದು ತಟ್ಟೆ, ಗಂಟು ಹಾಕಿದ ಹಗ್ಗವೂ ಇದೆ. ತಟ್ಟೆ ಎಷ್ಟು ಆಳಕ್ಕೆ ಹೋದಾಗ ಕಣ್ಣಿಗೆ ಕಾಣದಾಗುತ್ತದೆ ಎಂಬುದರಿಂದ ನೀರು ಎಷ್ಟು ತಿಳಿಯಾಗಿದೆ ಎಂದು ಗೊತ್ತಾಗುತ್ತದೆ. ನಾಳೆ ಬೆಳಿಗ್ಗೆ ಐದೂವರೆಗೆ, ಶಿಕ್ಷಕರ ಜೊತೆ, ನಿಮ್ಮೂರ ಕೆರೆಯ ತೂಬಿನ ಮೆಟ್ಟಿಲ ಬಳಿ ಸೇರೋಣ. ಅದೇ ಜಾಗದ ನೀರನ್ನು ಮಧ್ಯಾಹ್ನ ಮೂರಕ್ಕೆ ಮತ್ತೆ ಪರೀಕ್ಷಿಸೋಣ. ಎರಡೂ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದುಕೊಳ್ಳಿ, ಪಕ್ಕದಲ್ಲಿ ಮೋಡ ಇತ್ತೋ ಬಿಸಿಲಿತ್ತೋ ಎಂಬುದನ್ನೂ ಬರೆಯಿರಿ.