ನಮ್ಮನೆ ಅಡುಗೆಮನೆಯಲ್ಲೊಂದು ಕೊಲೆ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಮೈಸೂರಿನ ನಮ್ಮ ಮನೆಯ ಅಡುಗೆಮನೆ. ಗಂಟೆ ಹತ್ತೂಮುಕ್ಕಾಲು. ಸಿಂಕಿನ ತುಂಬ ರಾತ್ರಿಯ ಪಾತ್ರೆ, ನನ್ನ ಕಿವಿಯಲ್ಲಿ ಇಯರ್‌ಫೋನ್. ಮೂರು ತಿಂಗಳಿಂದ ನಾನೇ ಮುಂದೆ ಬಂದು ಪಾತ್ರೆ ತೊಳೆಯುತ್ತಿದ್ದೇನೆ. ಅಮ್ಮನಿಗೆ ಮೊದಲು ಖುಷಿಯಾಯಿತು, ಆಮೇಲೆ ಅನುಮಾನ ಬಂತು.

ಅನುಮಾನ ಸರಿಯಾಗೇ ಇತ್ತು. ಆ ಅರ್ಧ ಗಂಟೆ ನಾನು ಇಲ್ಲಿರುವುದೇ ಇಲ್ಲ. ಕೈ ಮಾತ್ರ ಕುಕ್ಕರ್ ಉಜ್ಜುತ್ತಿರುತ್ತದೆ. ನಾನು ಸ್ಕಾಟ್ಲೆಂಡಿನ ಎಡಿನ್‌ಬರೋದ ಯಾವುದೋ ಗಲ್ಲಿಯ ಬಾಯಲ್ಲಿ ನಿಂತಿರುತ್ತೇನೆ. ಒಳಗೆ ಕತ್ತಲು. ಅಲ್ಲಿಂದ ಒಬ್ಬ ಕೇಳುತ್ತಾನೆ, ಒಂದು ಸಿಗರೇಟು ಸಿಗುತ್ತದಾ ಅಂತ. ಮತ್ತೆ ಕೇಳುತ್ತಾನೆ, ಅದೇ ಧಾಟಿಯಲ್ಲಿ. ನಿಂತ ಜಾಗದಲ್ಲೇ ಆತ ಮೆಲ್ಲಗೆ ತೂಗಾಡುತ್ತಿದ್ದಾನೆ. ಅಷ್ಟೇ. ಅಷ್ಟಕ್ಕೇ ನನ್ನ ಕೈಯಿಂದ ಸೌಟು ಜಾರಿ ಸಿಂಕಿಗೆ ಬಿದ್ದು, ಒಳಗಿಂದ ಅತ್ತೆ "ಏನೇ ಅದು?" ಅಂತ ಕೂಗಿದ್ದರು.

ಅದು 'ದಿ ಮ್ಯಾಗ್ನಸ್ ಆರ್ಕೈವ್ಸ್' ಅನ್ನುವ ಹೆದರಿಸುವ ಕಥೆಗಳ ಪಾಡ್‌ಕಾಸ್ಟಿನ ಮೊದಲನೇ ಕಂತು. 2016ರಲ್ಲಿ ಶುರುವಾಗಿ 2021ಕ್ಕೆ ಸರಿಯಾಗಿ 200 ಕಂತಿಗೆ ಮುಗಿಯಿತು. ಲಂಡನ್ನಿನಲ್ಲಿ ಒಂದು ಸಂಸ್ಥೆ, ಅಲ್ಲೊಂದು ಹಳೇ ಕಡತಗಳ ಕೋಣೆ. ಜನ ಬಂದು ತಮಗಾದ ವಿಚಿತ್ರ ಅನುಭವ ಬರೆದುಕೊಟ್ಟು ಹೋಗಿರುತ್ತಾರೆ. ಅದನ್ನು ಅಲ್ಲಿಯವನೊಬ್ಬ ಗುಮಾಸ್ತನ ಧ್ವನಿಯಲ್ಲಿ ಟೇಪಿಗೆ ಓದಿ ಇಡುತ್ತಾನೆ, ಸ್ವಲ್ಪ ಬೇಸರದಿಂದಲೇ. ಬರೆದವರೂ ಓದುವವರೂ ಜೊನಾಥನ್ ಸಿಮ್ಸ್. ಪಾತ್ರಕ್ಕೂ ಅದೇ ಹೆಸರು. ಕಿರುಚಾಟ ಇಲ್ಲ. ಕ್ಯಾಸೆಟ್ ಗುಂಡಿ ಒತ್ತಿದ 'ಟಕ್', ಆಮೇಲೆ ಟೇಪಿನ ಆ ಸಣ್ಣ 'ಸ್‌ಸ್‌ಸ್'. ಕಂಪ್ಯೂಟರ್ ಇರುವಾಗ ಟೇಪ್ ಯಾಕೆ ಅಂತೀರಾ? ಅದಕ್ಕೂ ಕಥೆಯಲ್ಲಿ ಕಾರಣವಿದೆ. ನಿಜವಾಗಿ ನಡೆದ ಸಂಗತಿಯನ್ನು ಡಿಜಿಟಲ್‌ನಲ್ಲಿ ರೆಕಾರ್ಡ್ ಮಾಡಲು ಹೋದರೆ ಕೆಟ್ಟುಹೋಗುತ್ತದೆ, ಟೇಪಿನಲ್ಲಿ ಮಾತ್ರ ನಿಲ್ಲುತ್ತದೆ. ಅಂದರೆ 'ಟಕ್' ಅಂತ ಕೇಳಿಸಿತು ಅಂದರೆ ಮುಗಿಯಿತು, ಇದು ಸುಳ್ಳು ಕೇಸಲ್ಲ. ಒಂದು ಗುಂಡಿಯ ಸದ್ದಿಗೆ ಎಷ್ಟು ಕೆಲಸ ಕೊಟ್ಟಿದ್ದಾರೆ ನೋಡಿ!

ನಾನು ಸಿನಿಮಾದ ದೆವ್ವಕ್ಕೆ ಹೆದರುವವಳಲ್ಲ. ಪರದೆಯ ಮೇಲೆ ದೆವ್ವ ಬಂದ ಮೇಲೆ ಅದರ ಮೇಕಪ್ ಕಾಣುತ್ತದೆ. ಬೇಕಾದರೆ ಕಣ್ಣು ಮುಚ್ಚಿಕೊಳ್ಳಬಹುದು. ಕಿವಿಗೆ ರೆಪ್ಪೆ ಇಲ್ಲವಲ್ಲ. ಆದರೆ ನನ್ನ ವಿಷಯದಲ್ಲಿ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ ಅಂತ ಅಮ್ಮನಿಂದ ಗೊತ್ತಾಯಿತು. ಅದನ್ನು ಹೇಳುತ್ತೇನೆ. ಮೊದಲು ಈ ಎಲೆಕೋಸು ನೋಡಿ.

ಹೌದು, ಈ ಶಾಟಿನಲ್ಲಿ ಇರುವುದು ಎಲೆಕೋಸೇ. ಅಮೆರಿಕದ ಚಿಕಾಗೋದಲ್ಲಿ 1934ರಲ್ಲಿ 'ಲೈಟ್ಸ್ ಔಟ್' ಅಂತ ಒಂದು ರೇಡಿಯೋ ನಾಟಕ ಮಾಲೆ ಶುರುವಾಯಿತು. ಪ್ರಸಾರ ನಡುರಾತ್ರಿಗೆ. ಹೆಸರೇ ಹೇಳುವ ಹಾಗೆ ದೀಪ ಆರಿಸಿ ಕೇಳಬೇಕು. ಅಲ್ಲಿ ಯಾರದಾದರೂ ತಲೆ ಕತ್ತರಿಸಬೇಕಾದರೆ ಸ್ಟುಡಿಯೋದಲ್ಲಿ ಎಲೆಕೋಸು ಕತ್ತರಿಸುತ್ತಿದ್ದರು. ಮೂಳೆ ಮುರಿಯಬೇಕಾದರೆ ಹಂದಿಯ ಪಕ್ಕೆಲುಬು ಮುರಿಯುತ್ತಿದ್ದರು. ಕರೆಂಟ್ ಕುರ್ಚಿಯಲ್ಲಿ ಕೂರಿಸಿ ಸಾಯಿಸುವ ದೃಶ್ಯಕ್ಕೆ ಮೈಕಿನ ಮುಂದೆ ಬಾಣಲೆಯಲ್ಲಿ ಮಾಂಸ ಹುರಿಯುತ್ತಿದ್ದರಂತೆ. ಊರಿಗೆ ಊರೇ ನಡುಗುತ್ತಿದ್ದದ್ದು ಯಾರದೋ ನಾಳೆಯ ತಿಂಡಿಗೆ.

ನಮ್ಮ ಮನೆಯಲ್ಲಿ ಮಾಂಸ ತರುವ ಹಾಗಿಲ್ಲ. ಹಾಗಾಗಿ ನನ್ನ ಪಟ್ಟಿ ಹೀಗಾಯಿತು: ತಲೆಗೆ ಎಲೆಕೋಸು, ಮೂಳೆಗೆ ಒದ್ದೆ ಟವೆಲ್ಲಿನಲ್ಲಿ ಸುತ್ತಿದ ಕ್ಯಾರೆಟ್, ಕರೆಂಟಿಗೆ ಒಗ್ಗರಣೆ. ಹಿಮದ ಮೇಲೆ ನಡೆಯುವ ಸದ್ದಿಗೆ ಕಾರ್ನ್‌ಫ್ಲೋರ್. ಈ ಕೊನೆಯದು ನನ್ನ ತಲೆಯಿಂದ ಬಂದದ್ದಲ್ಲ. ಸಿನಿಮಾ, ರೇಡಿಯೋದವರು ಚೀಲಕ್ಕೆ ಕಾರ್ನ್‌ಫ್ಲೋರ್ ತುಂಬಿ ಹಿಸುಕುವುದು ಹಳೇ ಪದ್ಧತಿ. ನಾನು ಜನ್ಮದಲ್ಲಿ ಹಿಮ ತುಳಿದವಳಲ್ಲ. ಆದರೂ 'ದಿ ವೈಟ್ ವಾಲ್ಟ್' ಅನ್ನುವ ಇನ್ನೊಂದು ಪಾಡ್‌ಕಾಸ್ಟ್ ಕೇಳುವಾಗ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡಿನ ಹಿಮಗಾಳಿಯಲ್ಲಿ ಸಿಕ್ಕಿಬಿದ್ದ ಒಂದು ತಂಡದ ಜೊತೆ ಮೈಲಿಗಟ್ಟಲೆ ನಡೆದಿದ್ದೇನೆ.

ತಮ್ಮನ ಕಾಲರ್ ಮೈಕ್ ಕದ್ದು ಎಲ್ಲವನ್ನೂ ರೆಕಾರ್ಡ್ ಮಾಡಿದೆ. ಒಗ್ಗರಣೆಗೆ ತುಂಬ ಹತ್ತಿರ ಹಿಡಿದು ಮೈಕಿನ ಸ್ಪಂಜಿನಲ್ಲಿ ಎರಡು ಸಾಸಿವೆ ಕೂತವು, ಅದು ಬೇರೆ ಕಥೆ. ಮಾರನೇ ದಿನ ಸಂಜೆ ಅಮ್ಮನನ್ನು ಕೂರಿಸಿ, ದೀಪ ಆರಿಸಿ, ಇಯರ್‌ಫೋನ್ ಹಾಕಿದೆ. ಹೆದರಿಕೆಯಾದರೆ ಹೇಳು ಅಂದೆ.

ಮೊದಲು ತಲೆ ಕತ್ತರಿಸಿದೆ.

"ಕೋಸು," ಅಂದಳು ಅಮ್ಮ. "ಚಾಕು ಮೊಂಡಾಗಿದೆ."

ಮೂಳೆ ಮುರಿದೆ. "ಕ್ಯಾರೆಟ್ಟು. ಫ್ರಿಜ್‌ನಲ್ಲಿದ್ದದ್ದು, ಹೊಸದಲ್ಲ."

ಕರೆಂಟ್ ಹರಿಸಿದೆ. "ಎಣ್ಣೆ ಜಾಸ್ತಿ ಕಾದಿದೆ. ಸಾಸಿವೆ ಸೀದುಹೋಗಿರುತ್ತೆ ನೋಡು."

ಹಿಮಕ್ಕೆ ಮಾತ್ರ ಒಂದು ಕ್ಷಣ ಸುಮ್ಮನಾದಳು. ಗೆದ್ದೆ ಅಂದುಕೊಂಡೆ. "ಅಯ್ಯೋ, ಗೋಬಿ ಮಂಚೂರಿಗೆ ಅಂತ ತಂದಿಟ್ಟಿದ್ದ ಹಿಟ್ಟು ಅಲ್ವೇನೇ ಅದು?"

ನಲವತ್ತು ವರ್ಷ ಅಡುಗೆಮನೆಯಲ್ಲಿ ಕಳೆದ ಕಿವಿಗೆ ತರಕಾರಿ ತೋರಿಸಿ ಹೆದರಿಸಲು ಹೊರಟ ನಾನು ದಡ್ಡಿ. ಅಥವಾ ಸದ್ದಿನ ಹಿಂದೆ ಕಥೆ ಇಡದೆ ಬರೀ ಸದ್ದು ಕೇಳಿಸಿದ್ದು ತಪ್ಪು. ಮೊದಲು ಒಬ್ಬ ಮನುಷ್ಯ ಬೇಕು, ಅವನು ನಮಗೆ ಇಷ್ಟವಾಗಬೇಕು, ಆಮೇಲಷ್ಟೇ ಅವನ ಕುತ್ತಿಗೆಗೆ ಎಲೆಕೋಸು.

ಹಾಗಾಗಿ ಮಾರನೇ ರಾತ್ರಿ ಕಥೆಯನ್ನೇ ಹಾಕಿದೆ. 'ಸಾರಿ, ರಾಂಗ್ ನಂಬರ್'. 1943ರ ಮೇ 25ರಂದು ಅಮೆರಿಕದ ಸಿಬಿಎಸ್ ರೇಡಿಯೋದ 'ಸಸ್ಪೆನ್ಸ್' ಮಾಲೆಯಲ್ಲಿ ಬಂದದ್ದು. ಬರೆದವರು ಲೂಸಿಲ್ ಫ್ಲೆಚರ್, ನಟಿ ಆಗ್ನೆಸ್ ಮೂರ್‌ಹೆಡ್. ಹಾಸಿಗೆ ಹಿಡಿದ ಒಬ್ಬ ಹೆಂಗಸು ಮನೆಯಲ್ಲಿ ಒಂಟಿ. ಗಂಡನ ಆಫೀಸಿಗೆ ಫೋನ್ ಮಾಡಲು ಹೋದರೆ ಲೈನು ಇನ್ನೆಲ್ಲಿಗೋ ಸೇರಿಕೊಂಡು, ಇಬ್ಬರು ಗಂಡಸರು ಮಾತಾಡುವುದು ಕೇಳಿಸುತ್ತದೆ. ಈ ರಾತ್ರಿ ಹನ್ನೊಂದೂ ಕಾಲಿಗೆ ಯಾರೋ ಒಬ್ಬಳನ್ನು ಮುಗಿಸಬೇಕು. ಆ ಹೊತ್ತಿಗೆ ಸೇತುವೆ ಮೇಲೆ ರೈಲು ಹೋಗುತ್ತದೆ, ಕೂಗಿದರೂ ಕೇಳಿಸುವುದಿಲ್ಲ. ಇನ್ನುಳಿದ ನಾಟಕವೆಲ್ಲ ಅವಳು ಆಪರೇಟರಿಗೆ, ಪೊಲೀಸರಿಗೆ ಫೋನ್ ಮಾಡುವುದೇ. ಒಬ್ಬರೂ ನಂಬುವುದಿಲ್ಲ.

ಅಮ್ಮ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು, ಇಂಗ್ಲಿಷ್ ಅರ್ಥವಾಗುತ್ತದೆ. ವೇಗ ಜಾಸ್ತಿಯಾದ ಕಡೆ ನಾನು ನಿಲ್ಲಿಸಿ ಹೇಳಿದೆ. ಲೈನು ಸೇರಿಕೊಳ್ಳುವುದನ್ನು ವಿವರಿಸಲು ಹೊರಟರೆ ನನ್ನನ್ನೇ ತಡೆದಳು. "ಕ್ರಾಸ್ ಟಾಕ್ ಗೊತ್ತಿಲ್ವಾ ನನಗೆ? ನಮ್ಮ ಫೋನಿನಲ್ಲಿ ಯಾರದೋ ಮದುವೆ ಮಾತುಕತೆ ಪೂರ್ತಿ ಕೇಳಿಸ್ಕೊಂಡಿದೀನಿ. ಹುಡುಗಿ ಕಡೆಯವರು ಒಪ್ಪಲಿಲ್ಲ." ಆ ತಲೆಮಾರಿಗೆ ಈ ನಾಟಕ ನಮಗಿಂತ ಹತ್ತಿರ. ನನಗೆ ಆಪರೇಟರ್ ಅಂದರೇ ಭೂತಕಾಲ. ಅಮ್ಮ ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕೂತವಳು.

ಅರ್ಧಕ್ಕೆ ಬಂದಾಗ ಅಮ್ಮನಿಗೆ ತಡೆಯಲಾಗಲಿಲ್ಲ. "ಅಲ್ಲಾ, ಆ ಹೆಂಗಸು ಫೋನ್ ಬಿಟ್ಟು ಪಕ್ಕದ ಮನೆಯವರನ್ನ ಒಂದು ಸಲ ಕೂಗಬಾರದಾ?"

ನಾನು ನಕ್ಕೆ. ಆಮೇಲೆ ಪಾತ್ರೆ ತೊಳೆಯುತ್ತಾ ಯೋಚಿಸಿದರೆ, ಅಮ್ಮ ಇಡೀ ನಾಟಕದ ಬುಡಕ್ಕೇ ಕೈ ಹಾಕಿದ್ದಳು. ನಮ್ಮ ಬೀದಿಯಲ್ಲಿ ಆ ಕೊಲೆ ನಡೆಯುವುದು ಸಾಧ್ಯವೇ ಇಲ್ಲ. ಹನ್ನೊಂದೂ ಕಾಲಿಗೆ ಎದುರುಮನೆ ಅಂಕಲ್ ಗೇಟಿಗೆ ಬೀಗ ಹಾಕುತ್ತಿರುತ್ತಾರೆ. ಅತ್ತೆಗೆ ನಿದ್ದೆ ಬಂದಿರುವುದಿಲ್ಲ. ನಮ್ಮ ಮನೆಯಲ್ಲಿ ಐದು ಜನ, ಎರಡು ಕೋಣೆ. ಒಂಟಿಯಾಗಿರಬೇಕು ಅಂದರೆ ಬಚ್ಚಲುಮನೆಗೆ ಹೋಗಬೇಕು, ಅಲ್ಲೂ ಐದು ನಿಮಿಷಕ್ಕೆ ಬಾಗಿಲು ಬಡಿಯುತ್ತಾರೆ. ಹೆದರಿಕೊಳ್ಳುವುದಕ್ಕೂ ಒಂದು ಜಾಗ ಬೇಕಲ್ಲ? ನನಗೆ ಆ ಜಾಗ ಸಿಕ್ಕಿದ್ದು ಇಯರ್‌ಫೋನಿನಲ್ಲಿ. ಈ ಮನೆಯಲ್ಲಿ ನನ್ನದೇ ಅಂತ ಇರುವ ಕತ್ತಲೆಕೋಣೆ ಅದೊಂದೇ. ದೆವ್ವ ಇದ್ದರೆ ಇರಲಿ, ಬಾಗಿಲು ಬಡಿಯುವವರಿಲ್ಲ.

ಎಂಬತ್ತು ತೊಂಬತ್ತು ವರ್ಷದ ಹಿಂದೆ ಇದು ಉಲ್ಟಾ ಇತ್ತು. ಇಡೀ ಮನೆಗೆ ಒಂದು ರೇಡಿಯೋ, ಎಲ್ಲರೂ ಅದರ ಸುತ್ತ. ಮೈಸೂರಿನವಳಾಗಿ ಇದನ್ನು ಹೇಳದೆ ಬಿಡಲಾರೆ: 1935ರಲ್ಲಿ ಇದೇ ಊರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಖಾಸಗಿಯಾಗಿ ಒಂದು ರೇಡಿಯೋ ಕೇಂದ್ರ ನಡೆಸಿದರು. ಅದಕ್ಕಿಟ್ಟ ಹೆಸರು 'ಆಕಾಶವಾಣಿ'. ಆಮೇಲೆ ಅದು ಇಡೀ ದೇಶದ ರೇಡಿಯೋಗೆ ಹೆಸರಾಯಿತು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮನಸ್ಸನ್ನು ಓದಿದವರಿಗೆ ಕಿವಿಯ ಬೆಲೆ ಗೊತ್ತಿತ್ತು ಅಂತ ನಾನು ನಂಬಿಕೊಂಡಿದ್ದೇನೆ.

ಅಷ್ಟು ಹಳೇ ನಂಟಿರುವ ಊರಿನಲ್ಲಿ ಕೂತು ನಾನು ಎಡಿನ್‌ಬರೋದ ದೆವ್ವಕ್ಕೆ ಹೆದರುತ್ತಿದ್ದೇನಲ್ಲ, ಅದೊಂದು ಬೇಜಾರು. ಕನ್ನಡದಲ್ಲಿ ದೆವ್ವದ ಕಥೆ ಹೇಳುವ ಚಾನೆಲ್‌ಗಳು ಬೇಕಾದಷ್ಟಿವೆ. ಒಳ್ಳೇ ಗಂಟಲೂ ಇವೆ. ಆದರೆ ಬಹಳ ಕಡೆ ಹಿನ್ನೆಲೆ ಸಂಗೀತ ಕಥೆಯ ತಲೆಯ ಮೇಲೇ ಕೂತಿರುತ್ತದೆ. ಎರಡು ನಿಮಿಷಕ್ಕೊಮ್ಮೆ ನಾಯಿ ಊಳಿಡುತ್ತದೆ, ಅದೂ ಒಂದೇ ನಾಯಿ. ಬಂಗಾಳಿಯವರು 2009ರಿಂದ ರೇಡಿಯೋ ಮಿರ್ಚಿಯಲ್ಲಿ 'ಸಂಡೇ ಸಸ್ಪೆನ್ಸ್' ಅಂತ ವಾರ ವಾರ ಕೇಳುತ್ತಿದ್ದಾರೆ. ನಮಗೂ ಅಂಥದ್ದೊಂದು ಬೇಕು. ಮಲೆನಾಡಿನ ಒಂದು ಮಳೆಗಾಲ ಸಾಕು, ಸದ್ದು ಕೊಂಡುತರಬೇಕಾಗಿಯೂ ಇಲ್ಲ.

ಸರಿ, ಕೊನೆಯ ಕ್ಲಿಪ್ಪಿಗೆ ಬರೋಣ. ಇದು ಹೋದ ಭಾನುವಾರದ್ದು. ಆ ಕೊಲೆಯಾದ ಎಲೆಕೋಸು ಪಲ್ಯವಾಗಿ ಊಟವೂ ಮುಗಿದಿತ್ತು. ಅಮ್ಮನೇ ಬಂದು "ಇವತ್ತು ಏನಿದೆ?" ಅಂದಳು.

ಈ ಸಲ ಹೊಸದೊಂದು ನಾಟಕ, ಗೊಂಬೆ ತಲೆಯಿಂದ ರೆಕಾರ್ಡ್ ಮಾಡಿದ್ದು. ಮನುಷ್ಯನ ತಲೆಯ ಅಳತೆಯ ಗೊಂಬೆ, ಅದರ ಎರಡು ಕಿವಿಯೊಳಗೆ ಎರಡು ಮೈಕು. ಎಡಗಡೆಯ ಸದ್ದು ನಮ್ಮ ಎಡಗಿವಿಗೆ ಮೊದಲು ಮುಟ್ಟಿ, ಬಲಗಿವಿಗೆ ಒಂಚೂರು ತಡವಾಗಿ ಬರುತ್ತದೆ. ಎಷ್ಟು ತಡ ಅಂದರೆ ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ ಒಂದು ಭಾಗಕ್ಕಿಂತಲೂ ಕಮ್ಮಿ. ಅಷ್ಟರಲ್ಲೇ ಮೆದುಳು ಲೆಕ್ಕ ಹಾಕಿ, ಯಾರೋ ಎಡಕ್ಕಿದ್ದಾರೆ ಅನ್ನುತ್ತದೆ. ಗೊಂಬೆ ಆ ಲೆಕ್ಕವನ್ನು ಹಾಗೇ ಹಿಡಿದಿಡುತ್ತದೆ. ಎರಡೂ ಕಿವಿಗೆ ಇಯರ್‌ಫೋನ್ ಇದ್ದರೆ ಮಾತ್ರ ಇದರ ಮಜಾ.

ನಮ್ಮಲ್ಲಿದ್ದದ್ದು ಒಂದೇ ಇಯರ್‌ಫೋನ್. ಬಲಗಡೆಯದು ನನಗೆ, ಎಡಗಡೆಯದು ಅಮ್ಮನಿಗೆ. ದೀಪ ಆರಿಸಿದೆವು. ಅತ್ತೆಯ ಗೊರಕೆ ಶುರುವಾಗಿತ್ತು. ಕಥೆಯಲ್ಲಿ ಒಬ್ಬ ಹುಡುಗ ಖಾಲಿ ಮನೆಯಲ್ಲಿ ಚಾರ್ಜರ್ ಹುಡುಕುತ್ತಿದ್ದ. ನನ್ನ ಕಿವಿಯಲ್ಲಿ ಗಡಿಯಾರದ ಟಿಕ್ ಟಿಕ್, ಆ ಹುಡುಗನ ಗೊಣಗಾಟ, ಮತ್ತೇನಿಲ್ಲ. ಇದೇನು ಸಪ್ಪೆ ಅಂದುಕೊಂಡೆ.

ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು. ಗಟ್ಟಿಯಾಗಿ.

"ಏನಾಯ್ತು?"

"ಶ್. ಆ ಹುಡುಗನಿಗೆ ಗೊತ್ತಾಗ್ತಾ ಇಲ್ಲ ಕಣೇ. ಪಕ್ಕದಲ್ಲೇ ನಿಂತ್ಕೊಂಡು ಹೆಸರು ಹಿಡಿದು ಕರೀತಿದಾನೆ."

"ಯಾರಮ್ಮಾ?"

ಅಮ್ಮ ನನ್ನ ಕಡೆ ತಿರುಗಿದಳು. "ನಿನಗೆ ಕೇಳಿಸ್ತಾ ಇಲ್ವಾ?"