ಪ್ರತಿ ಫೀಡಿಗೂ ಒಂದು ಬಾಬತು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನಿಸಿದ ಮೇಲೆ ಉಪನ್ಯಾಸ ಇಟ್ಟಿದ್ದೀರಿ. ಯಾರಾದರೂ ತೂಕಡಿಸಿದರೆ ತಪ್ಪು ನನ್ನದಲ್ಲ.

ನಮ್ಮ ತಂದೆ ಇಲ್ಲಿಯ ಮಂಡಿಪೇಟೆಯಲ್ಲಿ ಗುಮಾಸ್ತರಾಗಿದ್ದರು. ಅವರ ಕಿರ್ದಿಯಲ್ಲಿ ಯಾವ ಮೊತ್ತವೂ ಒಂಟಿಯಾಗಿ ನಿಲ್ಲುತ್ತಿರಲಿಲ್ಲ, ಪಕ್ಕದಲ್ಲಿ ಬಾಬತು ಇರಲೇಬೇಕು: ಹಮಾಲಿ, ಗೋಣಿಚೀಲ, ಲಾರಿ ಬಾಡಿಗೆ. ಫೀಡು ಎಂದರೆ ಜಾಲತಾಣದ ಹೊಸ ಬರಹಗಳು ನಮ್ಮಲ್ಲಿಗೇ ಬಂದು ಸೇರುವ ಚಂದಾ. ನನ್ನ ಫೀಡುಗಳ ಪಟ್ಟಿಗೆ ಇಂಥ ಬಾಬತು ಬಹಳ ವರ್ಷ ಇರಲಿಲ್ಲ. 2013ರ ಜುಲೈಯಲ್ಲಿ ಫೀಡು ಓದಿಸುವ ಗೂಗಲ್ ರೀಡರ್ ಬಾಗಿಲು ಹಾಕಿದಾಗ ಇನ್ನೂರು ಚಂದಾ ಹೊತ್ತುಕೊಂಡು ಹೊರಬಂದೆ. ಅರ್ಧಕ್ಕರ್ಧ ಏಕೆ ಸೇರಿಸಿದ್ದೆನೋ ನನಗೇ ನೆನಪಿರಲಿಲ್ಲ.

ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ತಂತ್ರಾಂಶ ಬಳಸುವವರಿಗೆ ಅದೇ ವರ್ಷ, ಅದರೊಳಗೇ ಫೀಡು ಓದಿಸುವ ಎಲ್ಫೀಡ್ ಸಿಕ್ಕಿತು. ಬರೆದವರು ಕ್ರಿಸ್ಟೋಫರ್ ವೆಲ್ಲನ್ಸ್. ಅದರಲ್ಲಿ ಫೀಡುಗಳೆಂದರೆ ಲಿಸ್ಪ್ ಭಾಷೆಯ ಒಂದು ಪಟ್ಟಿ. ವಿಳಾಸ, ಗುಂಪು ಗುರುತಿಸುವ ಟ್ಯಾಗು, ಆವರಣ ಚಿಹ್ನೆ, ಅಷ್ಟೇ. ಇಷ್ಟರಿಂದ ಕೆಲಸವೇನೋ ನಡೆಯುತ್ತದೆ, ಬಾಬತು ಮಾತ್ರ ಇರುವುದಿಲ್ಲ.

ಕ್ರಮವಿಧಿಯನ್ನು (ಪ್ರೋಗ್ರಾಮನ್ನು) ಮೊದಲು ಮನುಷ್ಯರು ಓದುವಂತೆ ಬರೆಯಬೇಕು ಎಂದು ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ 1984ರಲ್ಲಿ ವಾದಿಸಿದರು. ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಆರಂಭಿಸಿದ ಆರ್ಗ್ ಮೋಡ್ (ಈಮ್ಯಾಕ್ಸಿನಲ್ಲಿ ಶೀರ್ಷಿಕೆ, ಉಪಶೀರ್ಷಿಕೆಗಳಡಿ ಟಿಪ್ಪಣಿ ಬರೆಯುವ ವ್ಯವಸ್ಥೆ) ಮುಂದೆ ಬೆಳೆದು, ಈಮ್ಯಾಕ್ಸಿನ ಸಂರಚನೆಯನ್ನೇ (ಸೆಟ್ಟಿಂಗುಗಳನ್ನೇ) ಹಾಗೆ ಬರೆಯಲು ದಾರಿಯಾಯಿತು: ನಡುವೆ ಗದ್ಯ, ಅಲ್ಲಲ್ಲಿ ಸಂಕೇತದ (ಕೋಡಿನ) ತುಣುಕು. ಯಂತ್ರ ತುಣುಕುಗಳನ್ನಷ್ಟೇ ಆರಿಸಿಕೊಳ್ಳುತ್ತದೆ.

ಫೀಡುಗಳಿಗಾದರೆ ಸಂಕೇತವೂ ಬೇಡ. ಎಲ್ಫೀಡ್-ಆರ್ಗ್ ಎಂಬ ಪೊಟ್ಟಣ (ಹೆಚ್ಚುವರಿ ತಂತ್ರಾಂಶ) ಹಾಕಿಕೊಂಡರೆ ಶೀರ್ಷಿಕೆಗಳೇ ಪಟ್ಟಿಯಾಗುತ್ತವೆ. ಮೇಲಿನ ಶೀರ್ಷಿಕೆಗೆ ಎಲ್ಫೀಡ್ ಎಂಬ ಟ್ಯಾಗು, ಅದರಡಿ ಶಾಖೆಗಳು, ಶಾಖೆಯಡಿ ಫೀಡಿನ ವಿಳಾಸ. ಶಾಖೆಗೆ ಹಚ್ಚಿದ ಟ್ಯಾಗು ಕೆಳಗಿನವಕ್ಕೆಲ್ಲ ತಾನೇ ಇಳಿಯುತ್ತದೆ, ಭದ್ರಾ ನಾಲೆಯ ನೀರಿನ ಹಾಗೆ. (ಕೊನೆಯ ಭಾಗದ ರೈತರು ನಗಬೇಡಿ, ಇಲ್ಲಿ ನಿಜವಾಗಿಯೂ ತಲುಪುತ್ತದೆ.) ಶೀರ್ಷಿಕೆಯ ಕೆಳಗೆ ಏನು ಬರೆದರೂ ಅದು ಲೆಕ್ಕಕ್ಕಿಲ್ಲ. ನನ್ನ ಬಾಬತು ಕೂರುವುದು ಅಲ್ಲೇ.

ಒಂದನ್ನು ಓದುತ್ತೇನೆ. ವಿಕಿಪೀಡಿಯದ ಪ್ರತಿ ಪುಟದ ಬದಲಾವಣೆಗಳಿಗೂ ಆಟಂ ಎಂಬ ನಮೂನೆಯ ಫೀಡ್ ಇದೆ. ಕನ್ನಡ ವಿಕಿಯ ಚಿತ್ರದುರ್ಗದ ಪುಟಕ್ಕೆ ನಾನು ಚಂದಾದಾರ. ಅದರಡಿ ಹೀಗಿದೆ: ‘ಯಾರೋ ಇಸವಿಗಳನ್ನು ಮನಬಂದಂತೆ ತಿದ್ದುತ್ತಿದ್ದಾರೆ. ಮಳೆಗಾಲ ಮುಗಿಯುವವರೆಗೆ ಕಣ್ಣಿಡುವುದು.’ ಮಳೆಗಾಲ ಏಕೆ ಬಂತೋ ತಿಳಿಯದು, ಆದರೆ ಅವಧಿ ಇದೆಯಲ್ಲ, ಅದು ಮುಖ್ಯ. ಮುಗಿದ ಮೇಲೆ ಅಳಿಸಲು ಕೈ ನಡುಗುವುದಿಲ್ಲ.

ಇದೇ ಶಾಖೆ ನನ್ನನ್ನು ಒಮ್ಮೆ ಬೇಸ್ತು ಬೀಳಿಸಿತು. ಆಲ್ಟ್ ಒತ್ತಿ ಬಾಣದ ಕೀಲಿಯಿಂದ ಶಾಖೆಗಳನ್ನು ಸರಿಸುವಾಗ ಇದು ಎಲ್ಫೀಡ್ ಶೀರ್ಷಿಕೆಯ ಹೊರಗೆ ಜಾರಿತು. ದೋಷದ ಸಂದೇಶವೂ ಬರಲಿಲ್ಲ. ಮರುದಿನ ಈಮ್ಯಾಕ್ಸ್ ತೆರೆದಾಗ ಆ ಫೀಡುಗಳು ಪಟ್ಟಿಯಲ್ಲೇ ಇಲ್ಲ. ಅದೂ ಗೊತ್ತಾಗದೆ, ವಿಕಿಯವರು ಕೊನೆಗೂ ಸುಮ್ಮನಾದರು ಎಂದು ಒಂದು ತಿಂಗಳು ಸಂತೋಷಪಟ್ಟೆ.

ಟ್ಯಾಗು ಬದಲಿಸಿದರೂ ಒಂದು ತೊಡಕಿದೆ. ಹೊಸ ಟ್ಯಾಗು ಮುಂದೆ ಬರುವ ಸುದ್ದಿಗಳಿಗಷ್ಟೇ ಅಂಟುತ್ತದೆ. ಖತಾವಣಿಗೆ ಏರಿದ ಹಳೆಯ ನಮೂದು ತಾನಾಗಿ ಬದಲಾಗದು. ಅವಕ್ಕೂ ಬೇಕೆಂದರೆ ಎಲ್ಫೀಡ್-ಅಪ್ಲೈ-ಆಟೊಟ್ಯಾಗ್ಸ್-ನೌ ಆದೇಶವನ್ನು ಕೈಯಾರೆ ಓಡಿಸಬೇಕು.

ಇನ್ನೂರಿದ್ದದ್ದು ಈಗ ನಲವತ್ತೊಂದು. ಅದರಲ್ಲಿ ಹನ್ನೊಂದಕ್ಕೆ ಇವತ್ತಿಗೂ ಬಾಬತಿಲ್ಲ. ತಂದೆಯವರ ಪುಸ್ತಕದಲ್ಲೂ ‘ಚಿಲ್ಲರೆ’ ಎಂಬ ಒಂದು ತಲೆ ಇತ್ತು, ಮಾಲೀಕರು ಅದನ್ನು ಕೇಳುತ್ತಿರಲಿಲ್ಲ. ನನ್ನ ಚಿಲ್ಲರೆ ಶಾಖೆಯನ್ನು ಮಡಚಿಯೇ ಇಟ್ಟು, ಉಳಿದ ಕಡತವನ್ನು ಪರದೆಯ ಮೇಲೆ ತೆರೆಯುತ್ತೇನೆ.