ಸೌಂಡ್‌ಬಾಕ್ಸ್ ಕೂಗಿದ ಲೆಕ್ಕ

ಅಧ್ಯಕ್ಷರೇ, ಸಹಕಾರಿ ಬಂಧುಗಳೇ, ಅರ್ಧ ದಿನ ಅಂಗಡಿಗೆ ಬಾಗಿಲು ಹಾಕಿ ಬಂದಿರುವ ವ್ಯಾಪಾರಿ ಮಿತ್ರರೇ,

ಯುಪಿಐ ಅಂದರೇನು ಅಂತ ನಿಮಗೆ ಪಾಠ ಹೇಳಬೇಕಿಲ್ಲ. 2016ರಲ್ಲಿ ಬಂತು, ಈಗ ಎಳನೀರಿನ ಗಾಡಿಯಲ್ಲೂ ಸೌಂಡ್‌ಬಾಕ್ಸ್ ಕೂಗುತ್ತದೆ. ನಾನು ಹೇಳಬೇಕಾದ್ದು ಇಷ್ಟೇ: ಅದು ಕೂಗಿದಾಗಲೆಲ್ಲ ನಿಮ್ಮ ವ್ಯಾಪಾರದ ಬಗ್ಗೆ ಒಂದು ಸಾಲು ದಾಖಲಾಗುತ್ತದೆ. ಆ ಸಾಲನ್ನು ಬ್ಯಾಂಕು ಓದುತ್ತದೆ, ತೆರಿಗೆ ಇಲಾಖೆ ಓದುತ್ತದೆ. ಓದದೆ ಕೂತವರು ನಾವು.

ಗ್ರಾಹಕನ ದಿನದ ದುಡಿಮೆಯನ್ನು ಬ್ಯಾಂಕು ಓದುವುದು ಈ ನಾಡಿಗೆ ಹೊಸದೇನಲ್ಲ. 1928ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈಯವರು ತಮ್ಮ ಬ್ಯಾಂಕಿನಲ್ಲಿ ಪಿಗ್ಮಿ ಅನ್ನುವ ದಿನಗಟ್ಟಲೆ ಠೇವಣಿ ಶುರುಮಾಡಿದರು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು, ಏಜೆಂಟ್ ಬಾಗಿಲಿಗೇ ಬರುತ್ತಿದ್ದ. ಬ್ಯಾಂಕಿಗೆ ಠೇವಣಿ ಬಂತು ಅನ್ನುವುದು ಒಂದು ಮಾತು. ಆದರೆ ಯಾರ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾರ ಮಗ್ಗ ನಿಂತಿದೆ, ಯಾರು ಹಬ್ಬಕ್ಕೆ ಮುಂಚೆ ಎರಡರಷ್ಟು ಕಟ್ಟುತ್ತಾರೆ, ಇದೆಲ್ಲ ದಿನಾ ಬಾಗಿಲಿಗೆ ಬರುವವನಿಗೆ ಗೊತ್ತಾಗದೆ ಇರುತ್ತದೆಯೇ? ಆಟಿ ತಿಂಗಳಲ್ಲಿ ಕಂತು ತಪ್ಪಿತೆಂದರೆ ಅದು ಮಳೆಯ ತಪ್ಪು, ಮನುಷ್ಯನದ್ದಲ್ಲ ಅಂತ ಅವನಿಗೆ ಯಾರೂ ವಿವರಿಸಬೇಕಿರಲಿಲ್ಲ. ಸಾಲದ ಅರ್ಜಿ ಹಿಡಿದು ಬಂದವರ ಬಗ್ಗೆ ಇದಕ್ಕಿಂತ ಒಳ್ಳೆಯ ದಾಖಲೆ ಯಾವುದು? ಆ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರಲ್ಲಿ ಕೆನರಾದಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಇಂದಿಗೂ ನಮ್ಮ ಸೊಸೈಟಿಗಳಲ್ಲಿ ನಡೆಯುತ್ತಿದೆ. ಅಧ್ಯಕ್ಷರು ಗಡಿಯಾರ ನೋಡಿದರು, ಪಿಗ್ಮಿ ಸಾಕು.

ಈಗಿನ ಯಂತ್ರಕ್ಕೆ ಅಂಕಿ ಮಾತ್ರ ಸಿಗುತ್ತದೆ, ಮಳೆ ಬಂದದ್ದು ತಿಳಿಯುವುದಿಲ್ಲ. 2025ರ ಜುಲೈಯಲ್ಲಿ ಆದದ್ದು ಇದೇ. ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಬೂತು, ತರಕಾರಿ ಅಂಗಡಿಗಳಿಗೆಲ್ಲ ನೋಟಿಸ್ ಕಳಿಸಿತು. ಬೆಂಗಳೂರಿನ ಗಲ್ಲಿಗಳಲ್ಲಿ ರಾತ್ರೋರಾತ್ರಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡು ಎದ್ದವು. ಜಿಎಸ್‌ಟಿ ನೋಂದಣಿ ಮಾಡಿಸಿದರೆ ಹಳೆಯ ಬಾಕಿ ಕೇಳುವುದಿಲ್ಲ ಎಂದು ಸರ್ಕಾರ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಬೋರ್ಡು ಹಾಕಿದ್ದು ನನ್ನ ಮಟ್ಟಿಗೆ ಪೆದ್ದುತನ. ಗಿರಾಕಿ ಪಕ್ಕದ ಅಂಗಡಿಗೆ ಹೋದ, ಹಳೆಯ ಸಾಲುಗಳು ಹಾಗೇ ಉಳಿದವು.

ಒಂದು ಹಾಲಿನ ಬೂತಿನ ಲೆಕ್ಕ ಹಾಕೋಣ. ದಿನಕ್ಕೆ ಹಾಲು 9,000, ಪೊಟ್ಟಣದ ಮೊಸರು ಮತ್ತಿತರೆ 1,500. ಜೊತೆಗೆ ‘ಅಣ್ಣ, ಸ್ಕ್ಯಾನ್ ಮಾಡ್ತೀನಿ, ಕ್ಯಾಶ್ ಕೊಡಿ’ ಅನ್ನುವವರದ್ದು, ಚೀಟಿ ಹಣ, ತಮ್ಮ ತೀರಿಸಿದ ಕೈಸಾಲ, ಎಲ್ಲ ಸರಾಸರಿ 2,000. ವರ್ಷಕ್ಕೆ ಖಾತೆಗೆ ಬಿದ್ದದ್ದು 45,62,500 ರೂಪಾಯಿ. ಜಿಎಸ್‌ಟಿ ನೋಂದಣಿಗೆ ವರ್ಷದ ವಹಿವಾಟಿನ ಮಿತಿ ಸರಕು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷ. ಮಿತಿ ದಾಟಿತು, ನೋಟಿಸ್ ಬಂತು. ನಿಜವಾದ ವ್ಯಾಪಾರ ಎಷ್ಟು? ವ್ಯಾಪಾರವೇ ಅಲ್ಲದ ಆ 2,000 ಬಿಟ್ಟರೆ 38,32,500. ಹಿಂದಿನ ಸಾಲಿನವರು ನಗುತ್ತಿದ್ದೀರಿ, ನಗದು ವ್ಯಾಪಾರ ಎಲ್ಲಿ ಅಂತ. ಹೌದು ಸ್ವಾಮಿ, ಅದನ್ನೂ ಸೇರಿಸಲೇಬೇಕು!

ಇನ್ನೊಂದು ಸೂಕ್ಷ್ಮ. ಹಾಲಿಗೆ ತೆರಿಗೆ ಇಲ್ಲ. ಬರೀ ಹಾಲು ಮಾರಿದರೆ ಎಷ್ಟೇ ವಹಿವಾಟಾದರೂ ನೋಂದಣಿ ಬೇಡ. ಪೊಟ್ಟಣದ ಮೊಸರಿಗೆ ತೆರಿಗೆ ಇದೆ. ಅದನ್ನು ಇಟ್ಟ ಕೂಡಲೇ 40 ಲಕ್ಷದ ಮಿತಿ ನೋಡುವಾಗ ಹಾಲಿನ ವಹಿವಾಟೂ ಲೆಕ್ಕಕ್ಕೆ ಬರುತ್ತದೆ. ತೆರಿಗೆ ಮಾತ್ರ ಮೊಸರಿನಂಥ ತೆರಿಗೆ ಇರುವ ಸರಕಿಗಷ್ಟೇ. ರಾಜಿ ತೆರಿಗೆ, ಅಂದರೆ ವಹಿವಾಟಿನ ಮೇಲೆ ಶೇಕಡಾ ಇಂತಿಷ್ಟು ಅಂತ ಕಟ್ಟುವ ಕಾಂಪೊಸಿಷನ್‌ಗೆ ಹೋದ ಅಂಗಡಿಯವರಿಗೆ ಅದು ಶೇ. 1. ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಖರೀದಿಗೆ ಕೊಟ್ಟ ತೆರಿಗೆಯೂ ವಾಪಸ್ ಸಿಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಅಂಗಡಿಗೆ ಬೇರೆ ಕರೆಂಟ್ ಖಾತೆ, ಅದಕ್ಕೇ ಜೋಡಿಸಿದ ಮರ್ಚೆಂಟ್ ಕ್ಯೂಆರ್. ಚೀಟಿ ಹಣ, ಕೈಸಾಲ ಇವೆಲ್ಲ ಉಳಿತಾಯ ಖಾತೆಗೆ. ರಾತ್ರಿ ಷಟರ್ ಎಳೆಯುವ ಮುನ್ನ ನೋಟುಪುಸ್ತಕದಲ್ಲಿ ನಾಲ್ಕು ಅಂಕಣ: ತೆರಿಗೆ ಇಲ್ಲದ್ದು, ಇರುವುದು, ನಗದು, ಯುಪಿಐ. ಮೊದಲೆರಡರ ಮೊತ್ತ ಕೊನೆಯೆರಡರ ಮೊತ್ತಕ್ಕೆ ತಾಳೆಯಾಗಬೇಕು. ಆಗದಿದ್ದರೆ ಆವತ್ತೇ ಹುಡುಕಿ. ನಾಲ್ಕು ವರ್ಷದ ನಂತರ ನೋಟಿಸ್ ಹಿಡಿದು ನೆನಪಿಸಿಕೊಳ್ಳುವುದು ಯಾರಿಂದಲೂ ಆಗದು. ತಿಂಗಳಿಗೊಮ್ಮೆ ಆ್ಯಪ್‌ನಿಂದ ಸ್ಟೇಟ್‌ಮೆಂಟ್ ಇಳಿಸಿ, ಖರೀದಿ ಬಿಲ್ಲುಗಳ ಜೊತೆ ಫೈಲು ಮಾಡಿ.

ಅಧ್ಯಕ್ಷರಿಂದ ಚೀಟಿ ಬಂತು, ಇನ್ನು ಐದೇ ನಿಮಿಷವಂತೆ. ಸಾಲದ ವಿಷಯ ಓಡಿಸುತ್ತೇನೆ. ತೆರಿಗೆಗೆ ಸಿಕ್ಕ ಇದೇ ಸಾಲುಗಳು ನಿಮಗೆ ಅಡಮಾನವಿಲ್ಲದ ಸಾಲಕ್ಕೂ ಆಧಾರ. 2021ರಿಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ನಡೆಯುತ್ತಿದೆ: ನೀವು ಒಪ್ಪಿದರೆ ನಿಮ್ಮ ಖಾತೆಯ ವಿವರ ಸಾಲ ಕೊಡುವವರಿಗೆ ನೇರ ಹೋಗುತ್ತದೆ. ಒಪ್ಪಿಗೆ ಒತ್ತುವ ಮುನ್ನ ಯಾವ ಖಾತೆ, ಎಷ್ಟು ತಿಂಗಳು, ಯಾವ ಉದ್ದೇಶ ಅನ್ನುವುದನ್ನು ಓದಿ. ಬೇಡವೆನಿಸಿದರೆ ಮುಂದಿನ ಮಟ್ಟಿಗೆ ಆ ಒಪ್ಪಿಗೆ ಹಿಂಪಡೆಯಬಹುದು.

ಮೋಸದ ಬಗ್ಗೆ ಅರ್ಧ ಗಂಟೆ ಮಾತಾಡಬೇಕಿತ್ತು. ಎರಡೇ ಮಾತು: ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಹಣ ಹೋಯಿತೆಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಉಳಿದದ್ದು ಪ್ರಶ್ನೋತ್ತರದಲ್ಲಿ. ನೋಟಿಸ್ ಜೇಬಿನಲ್ಲಿಟ್ಟುಕೊಂಡು ಬಂದವರಿದ್ದರೆ ಮೈಕ್ ಮೊದಲು ಅವರಿಗೆ ಕೊಡಿ.